ನೆಟ್ ಇಲ್ಲದಿದ್ದರೂ ಕೋಡ್ ನಿಲ್ಲಬೇಕಿಲ್ಲ: ಪೈಥಾನ್ ಒಳಗಿರುವ ಕೈಪಿಡಿ ಬಳಸುವುದು ಹೇಗೆ?

ಜುಲೈ ಬಂತೆಂದರೆ ಸಕಲೇಶಪುರದಿಂದ ಮೂಡಿಗೆರೆವರೆಗೆ ಯಾವ ಊರಾದರೂ ಕಥೆ ಒಂದೇ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮೊಬೈಲ್ ಟವರ್ ಕೂಡ ಕೈಕೊಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಚಾರ್ಜ್ ಇದೆ. ಸೋಮವಾರ ಕಾಲೇಜಿನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ರೆಕಾರ್ಡ್ ತೋರಿಸಬೇಕು. ಆದರೆ ಸಾಲನ್ನು ತುಂಡು ಮಾಡುವ ‘ಸ್ಪ್ಲಿಟ್’ಗೆ ಏನೇನು ಕೊಡಬೇಕು ಅನ್ನೋದೇ ನೆನಪಿಗೆ ಬರುತ್ತಿಲ್ಲ. ಹಾಸನದ ಹಾಸ್ಟೆಲ್‌ನಲ್ಲಿದ್ದರೆ ಗೂಗಲ್ ಮಾಡಿದರಾಯಿತು. ಮನೆಗೆ ಬಂದಾಗ?

ಉತ್ತರ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇದೆ. ಪೈಥಾನ್ ಇನ್‌ಸ್ಟಾಲ್ ಮಾಡಿದ ದಿನವೇ ಅದರ ಜೊತೆ ಒಂದು ಕೈಪಿಡಿಯೂ ಬಂದು ಕೂತಿದೆ. ನನ್ನ ಕೇಳಿದರೆ ನೆಟ್ ಇದ್ದಾಗಲೂ ಮೊದಲು ನೋಡಬೇಕಾದ್ದು ಇದನ್ನೇ. ನೆಟ್‌ನಲ್ಲಿ ಸಿಗುವ ಉತ್ತರ ಯಾವುದೋ ಹಳೆಯ ಆವೃತ್ತಿಯದ್ದಿರಬಹುದು. ಎಐ ಚಾಟ್‌ಬಾಟ್‌ಗಳು ಕೆಲವೊಮ್ಮೆ ಇಲ್ಲದ ಆಯ್ಕೆಯನ್ನೂ ಇದೆ ಅಂತ ಧೈರ್ಯವಾಗಿ ಹೇಳಿಬಿಡುತ್ತವೆ. ಒಳಗಿನ ಕೈಪಿಡಿ ತೋರಿಸುವುದು ನಿಮ್ಮ ಮಷೀನ್‌ನಲ್ಲಿರುವ ಆವೃತ್ತಿಯದ್ದನ್ನು ಮಾತ್ರ.

ಶುರು ಮಾಡುವ ಮುಂಚೆ ಒಂದು ಸೂಚನೆ. ಇಲ್ಲಿ ಆದೇಶಗಳನ್ನು ಕನ್ನಡದಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಮೊದಲು ಹೆಲ್ಪ್

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪಿವೈ’ ಎಂದು ಒತ್ತಿ. ಉಬುಂಟುವಿನಲ್ಲಾದರೆ ಟರ್ಮಿನಲ್ ತೆರೆದು ‘ಪೈಥಾನ್3’. ಮೂರು ಬಾಣದ ಗುರುತು >>> ಬಂದರೆ ಪೈಥಾನ್ ನಿಮ್ಮ ಮಾತು ಕೇಳಲು ಸಿದ್ಧ. ಈಗ ‘ಹೆಲ್ಪ್(ಲೆನ್)’ ಎಂದು ಬರೆದು ಎಂಟರ್ ಒತ್ತಿ. ಲೆನ್ ಅಂದರೆ ಎಲ್, ಇ, ಎನ್. ಅದು ಏನು ಮಾಡುತ್ತದೆ ಎಂಬುದು ಒಂದೇ ಸಾಲಿನಲ್ಲಿ ಬರುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗಗಳಿವೆ. ಲೆನ್ ಮುಂದೆ ಇನ್ನೊಂದು ಜೋಡಿ ಕಂಸ ಹಾಕಿ ‘ಹೆಲ್ಪ್(ಲೆನ್())’ ಎಂದು ಬರೆದರೆ ಎರರ್ ಬರುತ್ತದೆ. ಕಂಸ ಹಾಕಿದ ಕೂಡಲೇ ಪೈಥಾನ್ ಅದನ್ನು ಓಡಿಸಲು ಹೊರಡುತ್ತದೆ. ನಮಗೆ ಬೇಕಿರುವುದು ಅದರ ಹೆಸರು ಮಾತ್ರ. ‘ಹೆಲ್ಪ್(ಸಾರ್ಟ್)’ ಎಂದರೂ ಆಗುವುದಿಲ್ಲ. ಸಾರ್ಟ್ (ಕ್ರಮವಾಗಿ ಜೋಡಿಸುವುದು) ಇರುವುದು ಲಿಸ್ಟ್ ಒಳಗೆ, ಹಾಗಾಗಿ ‘ಹೆಲ್ಪ್(ಲಿಸ್ಟ್.ಸಾರ್ಟ್)’ ಎಂದೇ ಕೇಳಬೇಕು. ಇನ್ನೂ ಇಂಪೋರ್ಟ್ ಮಾಡದ, ಅಂದರೆ ಪ್ರೋಗ್ರಾಂ ಒಳಗೆ ತಂದುಕೊಳ್ಳದ ಮಾಡ್ಯೂಲ್ (ಸಿದ್ಧ ಕೋಡ್‌ನ ಕಟ್ಟು) ಬಗ್ಗೆ ಕೇಳಬೇಕಾದರೆ ಹೆಸರನ್ನು ಕೋಟ್ ಒಳಗೆ ಹಾಕಿ: ‘ಹೆಲ್ಪ್('ಮ್ಯಾಥ್.ಎಸ್‌ಕ್ಯೂಆರ್‌ಟಿ')’.

ಪುಟ ಉದ್ದವಿದ್ದರೆ ಪರದೆ ಅಲ್ಲೇ ನಿಂತುಬಿಡುತ್ತದೆ. ಕಂಪ್ಯೂಟರ್ ಹ್ಯಾಂಗ್ ಆಯಿತು ಅಂದುಕೊಂಡು ಕಿಟಕಿಯನ್ನೇ ಮುಚ್ಚುವವರು ತುಂಬಾ ಜನ. ಗಾಬರಿ ಬೇಡ. ಸ್ಪೇಸ್ ಒತ್ತಿದರೆ ಮುಂದಿನ ಪುಟ, ಕ್ಯೂ ಒತ್ತಿದರೆ ಹೊರಗೆ. ಉಬುಂಟುವಿನಲ್ಲಿ ಓರೆಗೆರೆ (/) ಒತ್ತಿ ಪದ ಟೈಪ್ ಮಾಡಿ ಎಂಟರ್ ಕೊಟ್ಟರೆ ಪುಟದೊಳಗೇ ಹುಡುಕಬಹುದು. ಎನ್ ಒತ್ತುತ್ತಾ ಹೋದರೆ ಅದೇ ಪದ ಮುಂದೆಲ್ಲಿದೆ ಅಂತ ತೋರಿಸುತ್ತದೆ.

‘ನನ್’ ಯಾಕೆ ಬಂತು?

ಲ್ಯಾಬ್‌ನಲ್ಲಿ ಜೂನಿಯರ್‌ಗಳು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: “ಅಣ್ಣಾ, ಸಾರ್ಟ್ ಮಾಡಿದೆ, ಪ್ರಿಂಟ್ ಮಾಡಿದ್ರೆ ‘ನನ್’ ಅಂತ ಬರ್ತಿದೆ.”

ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಈ ನಾಲ್ಕು ಬಗೆ ಕಾಫಿಯ ಮೂಟೆ ರೇಟನ್ನು ಒಂದು ಲಿಸ್ಟ್‌ನಲ್ಲಿ ಹಾಕಿದ್ದೀರಿ ಅಂದುಕೊಳ್ಳಿ. ಲಿಸ್ಟ್ ಹೆಸರು ‘ರೇಟ್’. ‘ಹೊಸದು = ರೇಟ್.ಸಾರ್ಟ್()’ ಎಂದು ಬರೆದು ‘ಹೊಸದು’ ಪ್ರಿಂಟ್ ಮಾಡಿದರೆ ಬರೀ ‘ನನ್’ (ಎನ್, ಓ, ಎನ್, ಇ), ಅಂದರೆ ಏನೂ ಇಲ್ಲ. ಈಗ ‘ಹೆಲ್ಪ್(ಲಿಸ್ಟ್.ಸಾರ್ಟ್)’ ತೆರೆಯಿರಿ. ವಿವರಣೆಯ ಮೊದಲ ಸಾಲೇ ಹೇಳುತ್ತದೆ: ಲಿಸ್ಟನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ‘ನನ್’ ವಾಪಸ್ ಕೊಡುತ್ತೇನೆ. ಅಂದರೆ ‘ರೇಟ್’ ಇದ್ದಲ್ಲೇ ಜೋಡಣೆಯಾಗಿದೆ, ಕೈಗೆ ಮಾತ್ರ ಏನೂ ಕೊಟ್ಟಿಲ್ಲ. ಹಾಗೇ ‘ಹೆಲ್ಪ್(ಸಾರ್ಟೆಡ್)’ ನೋಡಿ. ಅದು ಹೊಸ ಲಿಸ್ಟ್ ವಾಪಸ್ ಕೊಡುತ್ತೇನೆ ಅನ್ನುತ್ತದೆ. ಹಳೆಯ ಕ್ರಮವೂ ಉಳಿಯಬೇಕಾದರೆ ಎರಡನೆಯದನ್ನು ಬಳಸಿ.

ಕೈಪಿಡಿ ಇಂಗ್ಲಿಷ್‌ನಲ್ಲಿದೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಮೊದಲು ಭಾರ ಅನ್ನಿಸುತ್ತದೆ, ನಿಜ. ಪೂರ್ತಿ ಓದಬೇಕಾಗಿಲ್ಲ. ‘ರಿಟರ್ನ್’ ಎಂಬ ಪದ ಎಲ್ಲಿದೆ ನೋಡಿ, ಅದರ ಪಕ್ಕ ಏನಿದೆ ಓದಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೊದಲ ಸಾಲನ್ನು ನಿಧಾನವಾಗಿ ಓದಿ

ಈಗ ಸ್ಪ್ಲಿಟ್‌ಗೆ ಬರೋಣ. ಅದು ಇರುವುದು ಸ್ಟ್ರಿಂಗ್ (ಅಕ್ಷರಗಳ ಸಾಲು) ಒಳಗೆ, ಪೈಥಾನ್‌ನಲ್ಲಿ ಸ್ಟ್ರಿಂಗ್‌ನ ಹೆಸರು ‘ಎಸ್‌ಟಿಆರ್’. ‘ಹೆಲ್ಪ್(ಎಸ್‌ಟಿಆರ್.ಸ್ಪ್ಲಿಟ್)’ ಎಂದರೆ ಮೇಲ್ಗಡೆ ಕಾಣುವ ಸಾಲಿನ ಕಂಸದೊಳಗೆ ಹೀಗಿರುತ್ತದೆ: ‘ಸೆಲ್ಫ್, /, ಸೆಪ್=ನನ್, ಮ್ಯಾಕ್ಸ್‌ಸ್ಪ್ಲಿಟ್=-1’. ಬಹಳ ಜನ ಈ ಸಾಲನ್ನು ಹಾರಿಸಿ ಕೆಳಗೆ ಹೋಗುತ್ತಾರೆ. ಅಸಲಿ ವಿಷಯ ಇರೋದೇ ಇಲ್ಲಿ. ಸಮ ಚಿಹ್ನೆ ಇದ್ದರೆ ಅದನ್ನು ಕೊಡದೆಯೂ ನಡೆಯುತ್ತದೆ, ಕೊಡದಿದ್ದರೆ ಪಕ್ಕದಲ್ಲಿರುವ ಬೆಲೆ ತಾನೇ ಕೂರುತ್ತದೆ. ಓರೆಗೆರೆಯ ಎಡಕ್ಕಿರುವುದನ್ನು ಹೆಸರು ಹೇಳಿ ಕೊಡುವಂತಿಲ್ಲ. ಇಷ್ಟು ತಿಳಿದರೆ ಬೇರೆ ಯಾವ ಫಂಕ್ಷನ್‌ನ ಪುಟವನ್ನಾದರೂ ಓದಬಹುದು.

‘ಸೆಪ್’ ಬಗ್ಗೆ ಕೆಳಗೊಂದು ಮಾತಿದೆ: ಅದನ್ನು ಕೊಡದಿದ್ದರೆ ಸ್ಪೇಸ್, ಟ್ಯಾಬ್, ಹೊಸ ಸಾಲು ಎಲ್ಲಿದ್ದರೂ ತುಂಡು ಮಾಡುತ್ತೇನೆ, ಖಾಲಿ ತುಂಡುಗಳನ್ನು ಎಸೆದುಬಿಡುತ್ತೇನೆ. ಖಾಲಿ ತುಂಡು ಎಸೆಯುವುದು ಸಣ್ಣ ವಿಷಯ ಅನ್ನಿಸುತ್ತೆ, ಅಲ್ವಾ? ತೋಟದ ಮಳೆ ಲೆಕ್ಕ ತೆಗೆದುಕೊಳ್ಳಿ. ತಾರೀಕು, ಮೇಲಿನ ಬ್ಲಾಕಿನ ಮಳೆ, ಕೆಳಗಿನ ಬ್ಲಾಕಿನ ಮಳೆ ಹೀಗೆ ದಿನಕ್ಕೊಂದು ಸಾಲು. ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲೇ ಬರೆಯುವುದು. 13ನೇ ತಾರೀಕು 2.40, 0.85. 14ರಂದು ಮೇಲಿನ ಬ್ಲಾಕಿಗೆ ಯಾರೂ ಹೋಗಿಲ್ಲ, ಆ ಜಾಗ ಖಾಲಿ ಬಿಟ್ಟು ಕೆಳಗಿನದು ಮಾತ್ರ 1.10 ಅಂತ ಬರೆದಿದ್ದಾರೆ.

ಮಧ್ಯೆ ಬರೀ ಸ್ಪೇಸ್ ಇಟ್ಟು ಬರೆದು ಸುಮ್ನೆ ‘ಸ್ಪ್ಲಿಟ್()’ ಎಂದರೆ 14ರ ಸಾಲಿನಲ್ಲಿ ಎರಡೇ ತುಂಡು ಬರುತ್ತವೆ. ಕೆಳಗಿನ ಬ್ಲಾಕಿನ 1.10 ಮೇಲಿನ ಬ್ಲಾಕಿನ ಜಾಗಕ್ಕೆ ಬಂದು ಕೂರುತ್ತದೆ. ಮೇಲಿನ ಬ್ಲಾಕಿನ ಮೊತ್ತವನ್ನಷ್ಟೇ ಕೂಡುತ್ತಿದ್ದರೆ ಎರರ್ ಕೂಡ ಬರುವುದಿಲ್ಲ, ಲೆಕ್ಕ ತಪ್ಪಾಗಿರುತ್ತದೆ ಅಷ್ಟೇ. ಅದೇ ಸಾಲನ್ನು ‘14,,1.10’ ಎಂದು ಕಾಮಾ ಹಾಕಿ ಬರೆದು ‘ಸ್ಪ್ಲಿಟ್(',')’ ಎಂದರೆ ಮೂರು ತುಂಡು, ನಡುವಿನದು ಖಾಲಿ. ಖಾಲಿ ಇದೆ ಅಂತ ಪ್ರೋಗ್ರಾಂಗೂ ಗೊತ್ತಾಗುತ್ತದೆ.

ಹೆಸರೇ ಗೊತ್ತಿಲ್ಲದಿದ್ದರೆ

‘ಡಿಐಆರ್(ಎಸ್‌ಟಿಆರ್)’ ಎಂದರೆ ಸ್ಟ್ರಿಂಗ್ ಒಳಗೆ ಏನೇನಿದೆ ಎಂಬ ಪಟ್ಟಿ ಬರುತ್ತದೆ. ಶುರುವಿನಲ್ಲಿ ಅಂಡರ್‌ಸ್ಕೋರ್ ಇರುವ ಹೆಸರುಗಳನ್ನು ಸದ್ಯಕ್ಕೆ ಬಿಡಿ. ಉಳಿದವನ್ನು ನೋಡಿದರೆ ಬೇಕಾದ್ದು ಕಣ್ಣಿಗೆ ಬೀಳುತ್ತದೆ. ‘ಹೆಲ್ಪ್('ಕೀವರ್ಡ್ಸ್')’, ‘ಹೆಲ್ಪ್('ಟಾಪಿಕ್ಸ್')’ ಕೂಡ ಇವೆ. ಫಾರ್ ಲೂಪ್ ಮರೆತಿದ್ದರೆ ‘ಹೆಲ್ಪ್('ಫಾರ್')’ ಸಾಕು. ಜುಪಿಟರ್ ನೋಟ್‌ಬುಕ್ ಬಳಸುವವರು ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದರೆ ವಿವರಣೆ, ಎರಡು ಹಾಕಿದರೆ ಪೈಥಾನ್‌ನಲ್ಲೇ ಬರೆದ ಫಂಕ್ಷನ್ ಆಗಿದ್ದಲ್ಲಿ ಅದರ ಕೋಡ್ ಕೂಡ ಕಾಣುತ್ತದೆ.

ಕಪ್ಪು ಪರದೆ ಇಷ್ಟವಿಲ್ಲದವರಿಗೆ ಬ್ರೌಸರ್ ದಾರಿ ಇದೆ. ಪೈಥಾನ್‌ನಿಂದ ಹೊರಬಂದು ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪಿವೈ -ಎಂ ಪೈಡಾಕ್ -ಬಿ’ ಎಂದು ಕೊಡಿ. ಪೈಡಾಕ್ ಎಂದರೆ ಪಿ, ವೈ, ಡಿ, ಓ, ಸಿ. ಉಬುಂಟುವಿನಲ್ಲಿ ‘ಪಿವೈ’ ಬದಲು ‘ಪೈಥಾನ್3’. ಕೂಡಲೇ ಬ್ರೌಸರ್ ತೆರೆದು ನಿಮ್ಮಲ್ಲಿರುವ ಮಾಡ್ಯೂಲ್‌ಗಳೆಲ್ಲ ಲಿಂಕ್‌ಗಳಾಗಿ ಕಾಣುತ್ತವೆ. ಪಿಪ್‌ (ಹೊರಗಿನ ಮಾಡ್ಯೂಲ್ ಇನ್‌ಸ್ಟಾಲ್ ಮಾಡುವ ಆದೇಶ) ಮೂಲಕ ಹಾಕಿಕೊಂಡವೂ ಇರುತ್ತವೆ. ಬ್ರೌಸರ್ ಅಂದ ಮಾತ್ರಕ್ಕೆ ನೆಟ್ ಬೇಕೆಂದಿಲ್ಲ, ಆ ಪುಟಗಳು ಬರುವುದು ನಿಮ್ಮ ಲ್ಯಾಪ್‌ಟಾಪ್‌ನಿಂದಲೇ. ಕೆಲಸ ಮುಗಿದ ಮೇಲೆ ಟರ್ಮಿನಲ್‌ಗೆ ವಾಪಸ್ ಬಂದು ಕ್ಯೂ ಕೊಟ್ಟು ನಿಲ್ಲಿಸಿ.

ಒಂದು ಎಚ್ಚರಿಕೆ. ನಿಮ್ಮ ಅಭ್ಯಾಸದ ಫೈಲಿಗೆ ‘ರ‍್ಯಾಂಡಮ್.ಪಿವೈ’ ಎಂದು ಹೆಸರಿಟ್ಟು, ಅದೇ ಫೋಲ್ಡರ್‌ನಿಂದ ರ‍್ಯಾಂಡಮ್ ಬಗ್ಗೆ ಹೆಲ್ಪ್ ಕೇಳಿದರೆ ಪೈಥಾನ್‌ನದ್ದಲ್ಲ, ನಿಮ್ಮದೇ ಫೈಲ್ ಎದುರು ಬರುತ್ತದೆ. ಮಾಡ್ಯೂಲ್ ಪುಟದ ಕೊನೆಯಲ್ಲಿ ‘ಫೈಲ್’ ಎಂಬ ಭಾಗ ಇರುತ್ತದೆ. ಅದರ ಕೆಳಗಿನ ವಿಳಾಸ ನೋಡಿದರೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಎಲ್ಲವೂ ಇದರಲ್ಲಿರುವುದಿಲ್ಲ

‘ಹೆಲ್ಪ್(ರೌಂಡ್)’ ನೋಡಿ. ಎಷ್ಟು ದಶಮಾಂಶ ಬೇಕೋ ಅಷ್ಟಕ್ಕೆ ಸರಿಹೊಂದಿಸುತ್ತೇನೆ ಎನ್ನುತ್ತದೆ. ಆದರೆ ‘ರೌಂಡ್(2.5)’ ಕೊಟ್ಟರೆ 3 ಅಲ್ಲ, 2 ಬರುತ್ತದೆ. ‘ರೌಂಡ್(3.5)’ ಕೊಟ್ಟರೆ 4. ಸರಿಯಾಗಿ ಅರ್ಧದಲ್ಲಿದ್ದರೆ ಹತ್ತಿರದ ಸಮಸಂಖ್ಯೆಗೆ ಹೋಗುವುದು ಪೈಥಾನ್ 3ರ ನಿಯಮ. ಮೆಣಸಿನ ಮೂಟೆ ಲೆಕ್ಕ ಹಾಕುವವರಿಗೆ ಇದು ಬೇಕಾದ ಮಾತೇ, ಆದರೆ ಹೆಲ್ಪ್‌ನ ನಾಲ್ಕು ಸಾಲಿನಲ್ಲಿ ಇಲ್ಲ. ಪೈಥಾನ್‌ನ ದೊಡ್ಡ ಕೈಪಿಡಿಯಲ್ಲಿದೆ. ಆ ಕೈಪಿಡಿಯನ್ನು ಪೈಥಾನ್‌ನ ಅಧಿಕೃತ ಡಾಕ್ಯುಮೆಂಟೇಶನ್ ತಾಣದಿಂದ ಪುಕ್ಕಟೆ ಡೌನ್‌ಲೋಡ್ ಮಾಡಬಹುದು. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ವೈಫೈ ಸಿಕ್ಕಾಗ ಇಳಿಸಿಟ್ಟುಕೊಳ್ಳಿ, ಮಳೆಗಾಲಕ್ಕೆ ಆಗುತ್ತದೆ.

ಬೇರೆ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೂ ಇಂಥ ಸೌಲಭ್ಯ ಇದೆ. ಸಿ ಕಲಿಯುವವರು ಉಬುಂಟುವಿನಲ್ಲಿ ‘ಮ್ಯಾನ್ 3 ಪ್ರಿಂಟ್‌ಎಫ್’ ಎನ್ನಬೇಕು. ಆ 3 ಬಿಟ್ಟರೆ ಅದೇ ಹೆಸರಿನ ಶೆಲ್ ಆದೇಶದ (ಟರ್ಮಿನಲ್‌ನಲ್ಲೇ ಕೊಡುವ ಆದೇಶದ) ಪುಟ ಬರುತ್ತದೆ, ಸಿ ಫಂಕ್ಷನ್‌ನದ್ದಲ್ಲ. ಪುಟವೇ ಇಲ್ಲ ಎಂದರೆ ‘ಮ್ಯಾನ್‌ಪೇಜಸ್-ಡೆವ್’ ಪ್ಯಾಕೇಜ್ ಹಾಕಿಕೊಳ್ಳಿ. ಈ ಮ್ಯಾನ್ ಪುಟಗಳ ಮೂಲ 1971ರ ನವೆಂಬರ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ತಂದ ಯುನಿಕ್ಸ್ ಕೈಪಿಡಿ. ಆರ್ ಭಾಷೆಯಲ್ಲಿ ‘?ಮೀನ್’ ಸಾಕು, ‘ಎಕ್ಸಾಂಪಲ್(ಮೀನ್)’ ಎಂದರೆ ಉದಾಹರಣೆಯನ್ನು ಓಡಿಸಿಯೇ ತೋರಿಸುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಸೌಲಭ್ಯ ಅದು, ಪೈಥಾನ್‌ನಲ್ಲೂ ಇರಬೇಕಿತ್ತು. ಗೋ ಭಾಷೆಗೆ ‘ಗೋ ಡಾಕ್’, ರಸ್ಟ್‌ಗೆ ‘ರಸ್ಟಪ್ ಡಾಕ್’.

ನಿಮ್ಮ ಫಂಕ್ಷನ್‌ಗೂ ಕನ್ನಡದಲ್ಲಿ ಹೆಲ್ಪ್

ಹೆಲ್ಪ್ ತೋರಿಸುವ ಬರಹ ಎಲ್ಲಿಂದ ಬರುತ್ತದೆ? ಬಹುಪಾಲು ಕೋಡ್ ಬರೆದವರು ಫಂಕ್ಷನ್ ಒಳಗೆ ಬರೆದಿಟ್ಟ ಡಾಕ್‌ಸ್ಟ್ರಿಂಗ್‌ನಿಂದ. ಅದನ್ನು ನೀವೂ ಬರೆಯಬಹುದು, ಕನ್ನಡದಲ್ಲೇ ಬರೆಯಬಹುದು.

‘ರೈನ್.ಪಿವೈ’ ಎಂಬ ಫೈಲಿನಲ್ಲಿ ‘ಟುಎಂಎಂ(ಇಂಚ್)’ ಎಂಬ ಫಂಕ್ಷನ್ ಶುರು ಮಾಡಿ. ಟುಎಂಎಂ ಅಂದರೆ ಟಿ, ಓ, ಎಂ, ಎಂ. ‘ಡೆಫ್’ ಸಾಲಿನ ಕೆಳಗೇ, ಬೇರೆ ಯಾವ ಕೋಡೂ ಬರುವ ಮುಂಚೆ, ಎರಡೂ ಕಡೆ ಮೂರು ಮೂರು ಉದ್ಧರಣ ಚಿಹ್ನೆ (""") ಹಾಕಿ ನಡುವೆ ಹೀಗೆ ಬರೆಯಿರಿ: “ಇಂಚಿನಲ್ಲಿರುವ ಮಳೆಯನ್ನು ಮಿಲಿಮೀಟರ್‌ಗೆ ಬದಲಿಸಿ ವಾಪಸ್ ಕೊಡುತ್ತದೆ.” ಆಮೇಲಿನ ಸಾಲಿನಲ್ಲಿ ಇಂಚನ್ನು 25.4ರಿಂದ ಗುಣಿಸಿ ರಿಟರ್ನ್ ಮಾಡಿ. ಡಾಕ್‌ಸ್ಟ್ರಿಂಗ್‌ಗಿಂತ ಮುಂಚೆ ಒಂದೇ ಒಂದು ಸಾಲು ಕೋಡ್ ಬಂದರೂ ಪೈಥಾನ್ ಅದನ್ನು ಹೆಲ್ಪ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಫೈಲ್ ಇರುವ ಫೋಲ್ಡರ್‌ನಿಂದಲೇ ಪೈಡಾಕ್ -ಬಿ ಓಡಿಸಿ, ಬ್ರೌಸರ್‌ನಲ್ಲಿ ‘ರೈನ್’ ಒತ್ತಿ. ನಿಮ್ಮ ಕನ್ನಡ ಸಾಲು ಅಲ್ಲಿರುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ ಕಾಣಬಹುದು, ಬ್ರೌಸರ್‌ನಲ್ಲಿ ಸರಿಯಾಗಿ ಬರುತ್ತದೆ.

ಪುಟ ತೆರೆಯದೆ ಸುಮ್ಮನೆ ಸುತ್ತುತ್ತಾ ನಿಂತರೆ ಕಾರಣ ಸಾಮಾನ್ಯವಾಗಿ ಒಂದೇ. ಪೈಡಾಕ್ ನಿಮ್ಮ ಫೈಲನ್ನು ಇಂಪೋರ್ಟ್ ಮಾಡಿಯೇ ಓದುತ್ತದೆ, ಅಂದರೆ ಫಂಕ್ಷನ್‌ಗಳ ಹೊರಗೆ ಬರೆದ ಕೋಡ್ ಓಡುತ್ತದೆ. ಅಲ್ಲಿ ‘ಇನ್‌ಪುಟ್’ ಇದ್ದರೆ ಅದು ಟರ್ಮಿನಲ್‌ನಲ್ಲಿ ನಿಮ್ಮ ಉತ್ತರಕ್ಕೆ ಕಾಯುತ್ತಾ ಕೂತಿರುತ್ತದೆ. ಅಂಥ ಸಾಲುಗಳನ್ನೆಲ್ಲ ‘ಇಫ್ __ನೇಮ್__ == '__ಮೇನ್__':’ ಕೆಳಗೆ ಸರಿಸಿ. ಹೆಸರಿನ ಎರಡೂ ಕಡೆ ಎರಡೆರಡು ಅಂಡರ್‌ಸ್ಕೋರ್. ಆಮೇಲೆ ಪೈಡಾಕ್ ನಿಲ್ಲಿಸಿ ಮತ್ತೆ ಶುರು ಮಾಡಿ, ಪುಟ ತೆರೆಯುತ್ತದೆ.