ನೀರು ತಗೊಂಡು ಹೋದ್ರಲ್ಲ, ಏನಾಯ್ತು ಸಾರ್?

ನಾನು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಜೊತೆಗೆ ಕೆಲವು ವರ್ಷ ವಿದ್ಯಾರ್ಥಿಗಳ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯಾಗಿದ್ದೆ. ಪಾವಗಡ ಕಡೆಯ ಒಂದು ಊರಲ್ಲಿ ನಮ್ಮ ಮೊದಲ ಶಿಬಿರ. ಜಾಲಿ ಕಡಿದೆವು, ಚರಂಡಿ ಬಳಿದೆವು, ಶಾಲೆ ಗೋಡೆಗೆ ಸುಣ್ಣ ಹೊಡೆದೆವು. ಬರುವಾಗ ಊರಿನ ನಾಲ್ಕು ಬೋರ್‌ವೆಲ್ ನೀರನ್ನೂ ಬಾಟಲಿಗೆ ತುಂಬಿಕೊಂಡು ಬಂದೆವು. ಏಳನೇ ದಿನ ಬಸ್ ಹತ್ತುವಾಗ ಹುಡುಗರು ಅತ್ತರು. ಒಂದು ತಿಂಗಳಾದ ಮೇಲೆ ಆ ಊರಿನ ಮಾತೇ ಇಲ್ಲ.

ಮರುವರ್ಷ ಅಲ್ಲಿಗೇ ಹೋದಾಗ ನಲ್ಲಿ ಹತ್ತಿರ ಒಬ್ಬ ಅಮ್ಮ ನನ್ನನ್ನು ನಿಲ್ಲಿಸಿ ಕೇಳಿದರು. "ಹೋದ ವರ್ಷ ನೀರು ತಗೊಂಡು ಹೋದ್ರಲ್ಲ, ಏನಾಯ್ತು ಸಾರ್?"

ಅತಿಯಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಆ ನೀರಲ್ಲಿ ಜಾಸ್ತಿ ಇದೆ ಅಂತ ನಮಗೆ ಗೊತ್ತಿತ್ತು. ವರದಿ ಬರೆದು ಕಾಲೇಜಿನ ಫೈಲಿಗೂ ಹಾಕಿದ್ದೆವು. ಆ ನೀರು ಕುಡಿಯುವವರಿಗೆ ಮಾತ್ರ ಹೇಳಿರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್ ಶುರುವಾಯಿತು. ಶುರು ಮಾಡಿದವರು ನಮ್ಮ ಬಳ್ಳಾರಿಯಿಂದ ಗೆದ್ದು ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್. 'ನನಗಲ್ಲ, ನಿನಗೆ' ಎಂಬುದು ಅದರ ಧ್ಯೇಯವಾಕ್ಯ. ಎರಡು ವರ್ಷಕ್ಕೆ 240 ಗಂಟೆ ಸೇವೆ ಅಂತ ಲೆಕ್ಕ. ಗಂಟೆ ತುಂಬಿಸುವುದು ಕಷ್ಟವಲ್ಲ. ನಾವು ಅಷ್ಟಕ್ಕೇ ನಿಂತುಬಿಟ್ಟಿದ್ದೆವು.

ಆಮೇಲೆ ಎರಡು ಬದಲಾವಣೆ ಮಾಡಿದೆ. ನೀರಿನ ಪರೀಕ್ಷೆ ಲ್ಯಾಬಿನಲ್ಲಲ್ಲ, ಊರಿನ ಅರಳಿಕಟ್ಟೆ ಮೇಲೆ, ಎಲ್ಲರ ಕಣ್ಣೆದುರಿಗೆ. ಮತ್ತೆ, ಹೋದ ಹುಡುಗರೇ ಎರಡು ವರ್ಷವೂ ಅದೇ ಊರಿಗೆ ಹೋಗಬೇಕು.

ಕಟ್ಟೆ ಮೇಲಿನ ಆ ಮೊದಲ ಬೆಳಿಗ್ಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡನೇ ವರ್ಷದ ಬಿಎಸ್ಸಿ ಹುಡುಗಿಯೊಬ್ಬಳು ಪ್ರನಾಳಕ್ಕೆ ನೀರು ಹಾಕಿ, ಜಿರ್ಕೋನಿಯಂ–ಅಲಿಜರಿನ್ ದ್ರಾವಣ ಬೆರೆಸಿ, ಬಿಳಿ ಹಾಳೆಗೆ ಹಿಡಿದಳು. ಗುಲಾಬಿ ಬಣ್ಣ ಮಾಸುತ್ತಾ ಹಳದಿಗೆ ತಿರುಗಿತು. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಹಳದಿ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಇಲ್ಲಿ ಅದರ ಎರಡರಷ್ಟಿತ್ತು. ಅವಳು ತಲೆ ಎತ್ತಿದಳು. ಸುತ್ತ ನಿಂತು ನೋಡುತ್ತಿದ್ದ ಮಕ್ಕಳ ಹಲ್ಲಿನ ಮೇಲೆಲ್ಲ ಕಂದು ಕಲೆ. ಕೈಯಲ್ಲಿದ್ದ ಬಣ್ಣವನ್ನೂ ಆ ಹಲ್ಲುಗಳನ್ನೂ ಮತ್ತೆ ಮತ್ತೆ ನೋಡಿದಳು. ತರಗತಿಯಲ್ಲಿ ನಾನು ಎಷ್ಟು ಸಲ ಹೇಳಿದ್ದರೂ ಅವಳಿಗೆ ಅದು ಅಷ್ಟು ತಟ್ಟುತ್ತಿರಲಿಲ್ಲ.

"ನಾವು ಕಾಯಿಸಿ ಕುಡೀತೀವಿ ಕಣಮ್ಮಾ" ಅಂದರು ಒಬ್ಬ ಅಜ್ಜಿ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಉಳಿದ ನೀರಲ್ಲಿ ಅದರ ಅಂಶ ಇನ್ನೂ ಹೆಚ್ಚುತ್ತದೆ ಅಂತ ಅವಳು ಅಜ್ಜಿ ಪಕ್ಕ ಕೂತು ವಿವರಿಸಿದಳು. "ಹಾಗಾದ್ರೆ ಏನು ಕುಡೀಲಿ?" ಅಂತ ಅಜ್ಜಿ ಕೇಳಿದಾಗ ಅವಳ ಹತ್ತಿರ ಉತ್ತರ ಇರಲಿಲ್ಲ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ಬೀಗ ಬಿದ್ದಿತ್ತು.

ಆ ಪ್ರಶ್ನೆಯೇ ನಮ್ಮ ಹುಡುಗರನ್ನು ಹಿಡಿದುಕೊಂಡಿತು. ಅರ್ಜಿ ಬರೆದರು. ಶಿಬಿರ ಮುಗಿದ ಮೇಲೂ ತಮ್ಮ ದುಡ್ಡಲ್ಲಿ ಬಸ್ ಹತ್ತಿ ಪಂಚಾಯಿತಿಗೆ ಓಡಾಡಿದರು. ಮೂರನೇ ಸಲ ಹೋದಾಗ ಊರಿನ ಹೆಂಗಸರೂ ಜೊತೆಗೆ ಬಂದರು. ಘಟಕ ರಿಪೇರಿಯಾಗಲು ಎಂಟು ತಿಂಗಳು ಹಿಡಿಯಿತು. ನಡುವೆ ಕೆಲವರು ಬಿಟ್ಟು ಹೋದರು, ಅದು ನಿಜ. ಉಳಿದವರಿಗೆ ಅಂಕವೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಅಜ್ಜಿಗೆ ಏನು ಹೇಳುವುದು ಎಂಬ ಚಿಂತೆ ಮಾತ್ರ. ಸೇವೆಯ ಬಗ್ಗೆ ಭಾಷಣ ಮಾಡುವುದನ್ನು ನಾನು ಆಗಲೇ ಬಿಟ್ಟೆ. ಹುಡುಗರು ಉತ್ತರ ಕೊಡಬೇಕಾದ ಒಬ್ಬ ವ್ಯಕ್ತಿಯನ್ನು ಅವರಿಗೆ ತೋರಿಸಿದರೆ ಸಾಕು ಅನ್ನಿಸಿತು.

ಆ ಹುಡುಗಿ ಈಗ ಬೇರೆ ತಾಲ್ಲೂಕಿನ ಶಾಲೆಯಲ್ಲಿ ಟೀಚರ್. ಪ್ರತಿ ಮಾರ್ಚ್‌ನಲ್ಲಿ ಬಸ್ ಕಂಡಕ್ಟರ್ ಕೈಲಿ ನನಗೆ ಎರಡು ಪ್ಲಾಸ್ಟಿಕ್ ಬಾಟಲಿ ಬರುತ್ತವೆ. ಮೇಲೆ ಅವಳ ಅಕ್ಷರದಲ್ಲಿ ಚೀಟಿ: 'ಶಾಲೆ ಬೋರ್‌ವೆಲ್. ಶುಕ್ರವಾರದೊಳಗೆ ಹೇಳಿ ಸಾರ್, ಮಕ್ಕಳು ಕೇಳ್ತಾರೆ.'