ತಲೆ-ಕತ್ತಿನ ಅನಾಟಮಿ: ಬಾಯಿಪಾಠಕ್ಕೆ ಮೊದಲು ಮಾಡಬೇಕಾದ್ದು

ಮೊದಲ ವರ್ಷದ ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳನ್ನು ಯಾವ ಭಾಗ ಕಷ್ಟ ಅಂತ ಕೇಳಿ ನೋಡಿ. ಕೈಕಾಲು ಹೇಗೋ ಮುಗಿಯಿತು, ತಲೆ-ಕತ್ತು ಮಾತ್ರ ತಲೆಗೆ ಹತ್ತುತ್ತಿಲ್ಲ ಅನ್ನುತ್ತಾರೆ. ತೋಳಿನಲ್ಲಿ ನರಗಳು ಹೆಚ್ಚುಕಡಿಮೆ ಮೇಲಿಂದ ಕೆಳಕ್ಕೆ ಇಳಿಯುತ್ತವೆ. ಇಲ್ಲಿ ಹಾಗಲ್ಲ. ಒಂದು ತೂತಿನಲ್ಲಿ ಹೊಕ್ಕು, ಇನ್ನೊಂದರಲ್ಲಿ ಹೊರಬಂದು, ಮತ್ತೆಲ್ಲೋ ತಿರುಗುತ್ತವೆ. ಆ ದಾರಿ ನೋಡದೆ ಪಟ್ಟಿ ಉರು ಹೊಡೆದರೆ ವೈವಾ (ಬಾಯಿಮಾತಿನ ಪರೀಕ್ಷೆ) ಬೆಳಿಗ್ಗೆ ಎಲ್ಲ ಖಾಲಿ. ಹಾಗಾಗಿ ಓದುವ ಕ್ರಮ ಹೀಗಿರಲಿ: ಮೊದಲು ನಿಮ್ಮ ಮುಖ, ಆಮೇಲೆ ಬುರುಡೆ, ಆಮೇಲೆ ನರಗಳು, ಪುಸ್ತಕದ ಪಟ್ಟಿ ಕೊನೆಗೆ.

ಕನ್ನಡಿ ಮುಂದೆ ನಿಲ್ಲಿ

ಹಲ್ಲು ಕಚ್ಚಿ, ದವಡೆಯ ಮೂಲೆ ಮೇಲೆ ಬೆರಳಿಡಿ. ಗಟ್ಟಿಯಾಗಿ ಉಬ್ಬುವುದು ಮ್ಯಾಸೆಟರ್. ಬೆರಳನ್ನು ಕಣತಲೆಗೆ ತನ್ನಿ, ಅಲ್ಲಿ ಅಲ್ಲಾಡುವುದು ಟೆಂಪೊರಾಲಿಸ್. ಇವೆರಡೂ ಅಗಿಯುವ ಸ್ನಾಯುಗಳು, ಐದನೇ ಕ್ರೇನಿಯಲ್ ನರದ (ಮೆದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಒಂದು) ಪಾಲು. ಈಗ ಹುಬ್ಬು ಏರಿಸಿ, ನಗಿ, ಕೆನ್ನೆ ಉಬ್ಬಿಸಿ. ಇದೆಲ್ಲ ಏಳನೇ ನರದ ಕೆಲಸ. ಐದು ಅಗಿಯುತ್ತದೆ, ಏಳು ನಗುತ್ತದೆ. ಇಷ್ಟು ಗಟ್ಟಿಯಾದರೆ ಮುಖದ ಸ್ನಾಯುಗಳಲ್ಲಿ ಗೊಂದಲ ಎಷ್ಟೋ ಕಡಿಮೆ.

ಮ್ಯಾಸೆಟರ್‌ನ ಮುಂದಿನ ಅಂಚು ದವಡೆಯ ಕೆಳ ಅಂಚನ್ನು ಮುಟ್ಟುವ ಕಡೆ ಹಗುರವಾಗಿ ಒತ್ತಿದರೆ ಫೇಶಿಯಲ್ ಆರ್ಟರಿಯ (ಮುಖದ ಅಪಧಮನಿ) ನಾಡಿ ಸಿಗುತ್ತದೆ. ಕಿವಿಯ ಮುಂದೆ ಸೂಪರ್‌ಫಿಶಿಯಲ್ ಟೆಂಪೊರಲ್. ಕತ್ತಿನ ಕರಾಟಿಡ್ ನಾಡಿಯನ್ನು ಮಾತ್ರ ಒಂದು ಕಡೆಯಷ್ಟೇ, ಹಗುರವಾಗಿ ನೋಡಿ. ಎರಡೂ ಕಡೆ ಒಟ್ಟಿಗೆ ಒತ್ತಿದರೆ ತಲೆ ಸುತ್ತಿ ಬೀಳಬಹುದು.

ಗಲ್ಲಕ್ಕೆ ಕೈ ಅಡ್ಡ ಇಟ್ಟು, ತಲೆಯನ್ನು ಬಲಕ್ಕೆ ತಿರುಗಿಸಲು ನೋಡಿ. ಎಡಗಡೆ ಹಗ್ಗದಂತೆ ಎದ್ದು ನಿಲ್ಲುವುದು ಸ್ಟರ್ನೋಕ್ಲೈಡೋಮಾಸ್ಟಾಯ್ಡ್. ಹೌದು, ತಿರುಗಿದ್ದು ಬಲಕ್ಕೆ, ಎದ್ದದ್ದು ಎಡದ್ದು. ಕತ್ತಿನ ಬದಿಯನ್ನು ಮುಂದಿನ ತ್ರಿಕೋನ, ಹಿಂದಿನ ತ್ರಿಕೋನ ಅಂತ ಭಾಗ ಮಾಡುವುದು ಇದೇ ಸ್ನಾಯು. ಆಮೇಲೆ ಎಂಜಲು ನುಂಗಿ. ಥೈರಾಯ್ಡ್ ಕಾರ್ಟಿಲೇಜ್ (ಗಂಟಲಿನ ಮುಂದಿನ ಗಟ್ಟಿ ಉಬ್ಬು) ಮೇಲೇರಿ ಇಳಿಯುವುದು ಕೈಗೆ ಗೊತ್ತಾಗುತ್ತದೆ. ಥೈರಾಯ್ಡ್ ಗ್ರಂಥಿಯೂ ಅದರ ಜೊತೆಗೇ ಏರುತ್ತದೆ. ಕತ್ತಿನಲ್ಲಿ ಗಡ್ಡೆ ಇದ್ದವರಿಗೆ ಡಾಕ್ಟರು "ನೀರು ನುಂಗಿ" ಅನ್ನುವುದು ಅದಕ್ಕೇ.

ಬುರುಡೆ ಹಿಡಿಯುವ ರೀತಿ

ಸೀನಿಯರ್‌ಗಳಿಂದ ಬೋನ್ ಸೆಟ್ (ಓದಲು ಬಳಸುವ ಮೂಳೆಗಳು) ಸಿಕ್ಕಿದರೆ ಹುಷಾರಾಗಿ ಹಿಡಿಯಿರಿ. ಕಣ್ಣಿನ ಗುಳಿಗೆ ಬೆರಳು ಹಾಕಿ ಎತ್ತಬೇಡಿ. ಗುಳಿಯ ಒಳಗೋಡೆ ಕಾಗದದಷ್ಟು ತೆಳು. ಕೆನ್ನೆ ಮೂಳೆಯ ಕಮಾನೂ ಹಿಡಿಕೆಯಲ್ಲ. ಎರಡೂ ಅಂಗೈಯಲ್ಲಿ ಕೆಳಗಿನಿಂದ ಆಧಾರ ಕೊಡಿ. ಕಣ್ಣಿನ ಗುಳಿಯ ಕೆಳ ಅಂಚು, ಕಿವಿ ತೂತಿನ ಮೇಲಂಚು ಒಂದೇ ಮಟ್ಟಕ್ಕೆ ಬಂದರೆ ಬುರುಡೆ ಸರಿಯಾಗಿ ಕೂತಿದೆ ಅಂತ ಅರ್ಥ. ಇದೇ ಫ್ರಾಂಕ್‌ಫರ್ಟ್ ಪ್ಲೇನ್, 1884ರಲ್ಲಿ ಒಪ್ಪಿಕೊಂಡ ಅಳತೆ. ವೈವಾದಲ್ಲಿ ಬುರುಡೆಯನ್ನು ಓರೆಯಾಗಿ ಹಿಡಿದರೆ ಅಲ್ಲೇ ಮೊದಲ ಪ್ರಶ್ನೆ ಬೀಳುತ್ತದೆ.

ಒಟ್ಟು 22 ಮೂಳೆ: ಮೆದುಳಿನ ಸುತ್ತ 8, ಮುಖದಲ್ಲಿ 14. ಇವುಗಳಲ್ಲಿ ಕೀಲಿನಿಂದ ಅಲ್ಲಾಡುವುದು ಕೆಳದವಡೆ ಒಂದೇ. ಕಣತಲೆಯ ಹತ್ತಿರ ನಾಲ್ಕು ಮೂಳೆ ಸೇರುವ ಟೆರಿಯನ್ ಅನ್ನು ಮರೆಯದೆ ನೋಡಿ. ಅಲ್ಲಿ ಮೂಳೆ ತೆಳು, ಒಳಗಡೆ ಮಿಡಲ್ ಮೆನಿಂಜಿಯಲ್ ಆರ್ಟರಿ. ಅಲ್ಲಿಗೆ ಪೆಟ್ಟು ಬಿದ್ದು ಆರ್ಟರಿ ಹರಿದರೆ ಬುರುಡೆಗೂ ಮೆದುಳಿನ ಹೊರಪೊರೆಯಾದ ಡ್ಯೂರಾಗೂ ಮಧ್ಯೆ ರಕ್ತ ತುಂಬುತ್ತದೆ. ಕೆಲವರು ಬಿದ್ದ ಮೇಲೂ ಸರಿಯಾಗಿ ಮಾತಾಡುತ್ತಿದ್ದು, ಸ್ವಲ್ಪ ಹೊತ್ತಿಗೆ ಪ್ರಜ್ಞೆ ತಪ್ಪುವುದು ಹೀಗೆ.

ತೂತುಗಳಿಗೆ ದಾರ ಪೋಣಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ನಿಧಾನವಾಗಿ ಮಾಡಿ. ಆರ್ಟರಿಗೆ ಕೆಂಪು, ವೇನ್‌ಗೆ ನೀಲಿ, ನರಕ್ಕೆ ಹಳದಿ ಉಲ್ಲನ್ ದಾರ ಸಾಕು. ತಂತಿ ಬೇಡ, ಮೂಳೆಯ ಅಂಚು ಮುರಿಯುತ್ತದೆ.

ಬುರುಡೆಯ ಮೇಲ್ಭಾಗ ತೆಗೆದು ಒಳಗೆ ನೋಡಿ. ಮಧ್ಯದ ಗುಳಿಯಲ್ಲಿ ಮುಂದಿನಿಂದ ಹಿಂದಕ್ಕೆ, ಬಾಗಿದ ಸಾಲಿನಲ್ಲಿ ಮೂರು ತೂತು: ಫೊರಾಮೆನ್ ರೊಟಂಡಮ್, ಓವೇಲ್, ಸ್ಪೈನೋಸಮ್. ಮೊದಲನೆಯದರಲ್ಲಿ ಮ್ಯಾಕ್ಸಿಲರಿ ನರ, ಎರಡನೆಯದರಲ್ಲಿ ಮ್ಯಾಂಡಿಬ್ಯುಲರ್, ಮೂರನೆಯದರಲ್ಲಿ ಆಗಲೇ ಹೇಳಿದ ಮಿಡಲ್ ಮೆನಿಂಜಿಯಲ್ ಆರ್ಟರಿ. ಈಗ ಬುರುಡೆಯನ್ನು ತಿರುಗಿಸಿ. ಅಡಿಯಲ್ಲಿ ಓವೇಲ್, ಸ್ಪೈನೋಸಮ್ ಕಾಣುತ್ತವೆ. ರೊಟಂಡಮ್ ಎಲ್ಲಿ? ಕಾಣುವುದಿಲ್ಲ. ಅದು ಕೆಳಕ್ಕಲ್ಲ, ಮುಂದಕ್ಕೆ, ಟೆರಿಗೋಪ್ಯಾಲಟೈನ್ ಫೊಸಾ ಎಂಬ ಗುಳಿಗೆ ತೆರೆಯುತ್ತದೆ. ದಾರ ಪೋಣಿಸಿದವರಿಗೆ ಇದು ತಾನಾಗಿ ಗೊತ್ತಾಗುತ್ತದೆ, ಚಿತ್ರ ನೋಡಿದವರಿಗೆ ಅಲ್ಲ.

ಆ ಫೊಸಾ ಸಣ್ಣದು, ಆದರೆ ಅರಸೀಕೆರೆ ಜಂಕ್ಷನ್ ಇದ್ದ ಹಾಗೆ. ಹಿಂದಿನಿಂದ ರೊಟಂಡಮ್ ಮೂಲಕ ನರ ಬರುತ್ತದೆ. ಒಳಕ್ಕೆ ಸ್ಫೀನೋಪ್ಯಾಲಟೈನ್ ತೂತು ಮೂಗಿಗೆ, ಮುಂದಕ್ಕೆ ಒಂದು ಸೀಳು ಕಣ್ಣಿನ ಗುಳಿಗೆ, ಕೆಳಕ್ಕೆ ಒಂದು ಕಾಲುವೆ ಅಂಗುಳಕ್ಕೆ, ಹೊರಕ್ಕೆ ಇನ್ನೊಂದು ಸೀಳು ಇನ್‌ಫ್ರಾಟೆಂಪೊರಲ್ ಫೊಸಾಕ್ಕೆ. ಅಲ್ಲಿನ ನರಗಂಟಾದ ಗ್ಯಾಂಗ್ಲಿಯಾನ್‌ನಿಂದ ಕಣ್ಣೀರಿನ ಗ್ರಂಥಿಗೂ ಮೂಗಿನ ಗ್ರಂಥಿಗಳಿಗೂ ನರ ಹೋಗುತ್ತದೆ. ಹೀಗೆ ಎಲ್ಲಿಂದ ಎಲ್ಲಿಗೆ ಅಂತ ನೋಡಿಕೊಂಡರೆ ಹೆಸರುಗಳು ಹಿಂದೆಯೇ ಬರುತ್ತವೆ.

ಉಳಿದವು ಬೇಗ ಆಗುತ್ತವೆ. 7 ಮತ್ತು 8ನೇ ನರ ಕಿವಿಯ ಒಳದಾರಿಯಲ್ಲಿ, 9, 10, 11 ಜುಗ್ಯುಲರ್ ಫೊರಾಮೆನ್‌ನಲ್ಲಿ, 12ಕ್ಕೆ ಅದರದ್ದೇ ಕಾಲುವೆ. ಹನ್ನೆರಡು ನರಗಳಿಗೆ ಸೀನಿಯರ್‌ಗಳು ಹೇಳಿಕೊಡುವ ಮ್ನೆಮೋನಿಕ್ (ನೆನಪಿಡುವ ಸಾಲು) ಮನೆಯವರ ಮುಂದೆ ಹೇಳುವಂಥದ್ದಲ್ಲ. ಬೇಕಾದರೆ ಬಳಸಿ, ಆದರೆ ದಾರ ಪೋಣಿಸಿದ ಮೇಲೆ.

ಡಿಸೆಕ್ಷನ್ ಹಾಲ್‌ನಲ್ಲಿ

ಮುಖದ ಚರ್ಮ ತೆಳು. ಮುಖದ ಸ್ನಾಯುಗಳು ಚರ್ಮಕ್ಕೇ ಅಂಟಿಕೊಂಡಿರುತ್ತವೆ. ಆಳವಾಗಿ ಕೊಯ್ದರೆ ಚರ್ಮದ ಜೊತೆ ಅವೂ ಬಂದುಬಿಡುತ್ತವೆ. ಪರೋಟಿಡ್ ಡಕ್ಟ್ ಅನ್ನು (ಕಿವಿಯ ಮುಂದಿನ ಜೊಲ್ಲು ಗ್ರಂಥಿಯ ನಾಳ) ಮೊದಲು ಹುಡುಕಿ. ಕೆನ್ನೆ ಕಮಾನಿಗಿಂತ ಒಂದು ಬೆರಳು ಕೆಳಗೆ, ಮ್ಯಾಸೆಟರ್ ಮೇಲೆ ಅಡ್ಡ ಹೋಗುತ್ತದೆ, ಸುಮಾರು 5 ಸೆಂ.ಮೀ. ಉದ್ದ. ಅದರ ಆಸುಪಾಸಿನಲ್ಲೇ ಫೇಶಿಯಲ್ (ಏಳನೇ) ನರದ ಬಕಲ್ ಕೊಂಬೆಗಳು. ಅವನ್ನು ಹಿಡಿದು ಹಿಂದಕ್ಕೆ, ಗ್ರಂಥಿಯೊಳಗೆ ಹೋಗಿ. ಈ ನರ ಪರೋಟಿಡ್ ಒಳಗೇ ಕವಲೊಡೆಯುತ್ತದೆ, ಆದರೆ ಆ ಗ್ರಂಥಿಗೆ ಏನೂ ಕೊಡುವುದಿಲ್ಲ! ಅಲ್ಲಿ ಜೊಲ್ಲು ಸುರಿಸುವ ಕೆಲಸ ಒಂಬತ್ತನೇ ನರದ್ದು. ಕತ್ತಿನ ಹಿಂದಿನ ತ್ರಿಕೋನದಲ್ಲಿ ಆಕ್ಸೆಸರಿ (ಹನ್ನೊಂದನೇ) ನರ ಚರ್ಮಕ್ಕೆ ಬಹಳ ಹತ್ತಿರವೇ ಇರುತ್ತದೆ. ಕೊಬ್ಬು ಅಂತ ಕಿತ್ತೆಸೆದರೆ ಹೋಯಿತು.

ಟೇಬಲ್ ಮೇಲಿರುವವರು ಯಾರದೋ ಮನೆಯವರು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಫೋಟೋ ತೆಗೆಯುವುದು ಬೇಡವೇ ಬೇಡ.

ಪುಸ್ತಕ ಮುಚ್ಚಿ ಬರೆಯಿರಿ

ದಿನಾ ಒಂದು ಚಿತ್ರ, ಪುಸ್ತಕ ನೋಡದೆ. ಮೊದಲಿಗೆ ಕತ್ತಿನ ಆರನೇ ಕಶೇರುಕದ (ಬೆನ್ನೆಲುಬಿನ ಮೂಳೆ) ಮಟ್ಟದ ಅಡ್ಡಕೊಯ್ತ ಒಳ್ಳೆಯದು. ಧ್ವನಿಪೆಟ್ಟಿಗೆ ಮುಗಿದು ಶ್ವಾಸನಾಳ, ಫ್ಯಾರಿಂಕ್ಸ್ ಮುಗಿದು ಅನ್ನನಾಳ ಶುರುವಾಗುವ ಜಾಗ ಅದು. ಎರಡೂ ಪಕ್ಕ ಕರಾಟಿಡ್ ಶೀತ್ (ರಕ್ತನಾಳ, ನರವನ್ನು ಸುತ್ತಿದ ಪೊರೆ) ಬರೆಯಿರಿ: ಒಳಗಡೆಗೆ ಆರ್ಟರಿ, ಹೊರಗಡೆಗೆ ವೇನ್, ಎರಡರ ನಡುವೆ ಹಿಂದೆ ವೇಗಸ್ (ಹತ್ತನೇ ನರ).

ಮೊಬೈಲಿನ 3ಡಿ ಆ್ಯಪ್‌ಗಳು ಪರವಾಗಿಲ್ಲ, ಆದರೆ ನಿಜವಾದ ಸ್ಪೆಸಿಮನ್ ನೋಡುವ ಅವಕಾಶ ಬಿಡಬೇಡಿ. ಮಣಿಪಾಲದ ಅನಾಟಮಿ ಮ್ಯೂಸಿಯಂ, ಬೆಂಗಳೂರಿನ ನಿಮ್ಹಾನ್ಸ್‌ನ ಬ್ರೇನ್ ಮ್ಯೂಸಿಯಂಗೆ ಸಮಯ ವಿಚಾರಿಸಿಕೊಂಡು ಹೋಗಿ. ಸಿ.ಟಿ. ಚಿತ್ರಗಳನ್ನೂ ನೋಡಲು ಶುರು ಮಾಡಿದ್ದರೆ ಒಂದು ವಿಷಯ: ಅಡ್ಡಕೊಯ್ತದ ಚಿತ್ರವನ್ನು ರೋಗಿಯ ಕಾಲಿನ ಕಡೆಯಿಂದ ನೋಡಿದ ಹಾಗೆ ಇಟ್ಟಿರುತ್ತಾರೆ. ಪರದೆಯ ಎಡಗಡೆ ಕಾಣುವುದು ರೋಗಿಯ ಬಲಗಡೆ.