ಗುಳೆ ಹೊರಟವರ ಗುಳಿಗೆ

ಎಚ್‌ಐವಿ ಡಾಕ್ಟರ್ ಅಂದರೆ ಔಷಧಿ ಆರಿಸುವುದರಲ್ಲೇ ತಲೆ ಕೆಡಿಸಿಕೊಳ್ಳುತ್ತಾನೆ ಅಂತ ಜನ ಅಂದುಕೊಂಡಿದ್ದಾರೆ. ಈಗ ಅದು ಸಾಮಾನ್ಯವಾಗಿ ಎರಡು ನಿಮಿಷದ ಕೆಲಸ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ, ದಿನಕ್ಕೊಂದು, ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಚಿಕಿತ್ಸೆಯ ಕೇಂದ್ರದಲ್ಲಿ, ಪುಕ್ಕಟೆ. ಕಷ್ಟ ಇರುವುದು ಅದು ದಿನಾ ಹೊಟ್ಟೆಗೆ ಹೋಗುವಂತೆ ನೋಡಿಕೊಳ್ಳುವುದರಲ್ಲಿ. ನಮ್ಮ ಕಲಬುರಗಿ, ಯಾದಗಿರಿ ಕಡೆ ಇನ್ನೂ ಕಷ್ಟ. ತೊಗರಿ ರಾಶಿ ಮುಗಿಯಿತೋ, ಗುಳೆ ಶುರು. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು. ಮೇಸ್ತ್ರಿ ಫೋನ್ ಮಾಡಿದ ರಾತ್ರಿಯೇ ಗಂಟು ಕಟ್ಟುತ್ತಾರೆ.

ಅದಕ್ಕೇ ರಾಶಿಗೆ ಮುಂಚೆಯೇ ಕೇಳಿಬಿಡುತ್ತೇನೆ: "ಈ ಸಲ ಎತ್ಲಾಗ?" ಆರೋಗ್ಯ ಚೆನ್ನಾಗಿದ್ದವರಿಗೆ ಮೂರು ತಿಂಗಳ ಡಬ್ಬಿ ಒಟ್ಟಿಗೆ ಕೊಡಬಹುದು. ಹೆಚ್ಚು ದಿನ ನಿಲ್ಲುವವರನ್ನು ಅಲ್ಲಿನ ಎಆರ್‌ಟಿ ಕೇಂದ್ರಕ್ಕೆ ವರ್ಗಾಯಿಸುತ್ತೇವೆ. ಕಾಗದದ ಮೇಲೆ ಇದು ಸುಲಭ. ಆದರೆ ಗೊತ್ತಿಲ್ಲದ ಊರಲ್ಲಿ, ಒಂದು ದಿನದ ಕೂಲಿ ಬಿಟ್ಟು, ಗೊತ್ತಿಲ್ಲದ ಸಾಲಿನಲ್ಲಿ ನಿಲ್ಲಲು ಎಷ್ಟು ಜನಕ್ಕೆ ಮನಸ್ಸಾಗುತ್ತೆ? ನಾನಂತೂ ಡಬ್ಬಿ ಕೊಟ್ಟು ಕಳಿಸುವುದನ್ನೇ ಹೆಚ್ಚು ನಂಬುತ್ತೇನೆ.

ಪ್ರತಿ ಸಲ ಬರುವಾಗ ಡಬ್ಬಿ ತರಬೇಕು. ತಟ್ಟೆಗೆ ಸುರಿದು ಎಣಿಸುತ್ತೇವೆ. 30 ಗುಳಿಗೆಯ ಡಬ್ಬಿ, 28 ದಿನಕ್ಕೆ ಬಂದರೆ ಎರಡು ಉಳಿದಿರಬೇಕು. ಒಂಬತ್ತು ಉಳಿದಿದ್ದರೆ ಏಳು ದಿನ ತಪ್ಪಿದೆ, ಮಾತಾಡೋಣ. ಒಂದೂ ಉಳಿಯದಿದ್ದರೆ ನನಗೆ ಅನುಮಾನ ಜಾಸ್ತಿ. ಬೈಯುತ್ತಾರೆ ಅಂತ ಬರುವ ದಾರಿಯಲ್ಲೇ ಚೆಲ್ಲಿ ಬರುವವರಿದ್ದಾರೆ.

"ಗುಳಿಗಿ ತಪ್ಪಿಸೀರೇನು?" ಅಂದರೆ ಉತ್ತರ ಒಂದೇ: "ಇಲ್ರೀ ಸಾಹೇಬ್ರ." ಅದಕ್ಕೆ ಹೀಗೆ ಕೇಳುತ್ತೇನೆ: "ಎಲ್ಲರಿಗೂ ಒಮ್ಮೊಮ್ಮೆ ತಪ್ಪತದ. ನಿಮಗ ಯಾವಾಗ ತಪ್ಪತದ?" ಆಗ ಮಾತು ಹೊರಗೆ ಬರುತ್ತೆ. ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ ಒಬ್ಬ ಹೆಣ್ಣುಮಗಳು ಹೇಳಿದ್ದು ಇದು. ತಗಡಿನ ಶೆಡ್, ಒಳಗೆ ಮಂದಿಯೋ ಮಂದಿ. ಡಬ್ಬಿ ಮುಟ್ಟಿದರೆ ಗಲಗಲ ಸಪ್ಪಳ. ಈಕೆ ಮೇಲಿನ ಚೀಟಿ ಹರಿದು, ಒಳಗೆ ಅರಳೆ ತುರುಕಿದ್ದಳು. "ಶಕ್ತಿ ಗುಳಿಗಿ ಅಂತ ಹೇಳೀನ್ರೀ." ಅರಳೆ ಇರಲಿ ಅಂದೆ. ಜೊತೆಗೆ ಬರುವ ಸಣ್ಣ ಪೊಟ್ಟಣ ಮಾತ್ರ ಬಿಸಾಡಬೇಡ, ಅದು ತೇವ ಹೀರುತ್ತೆ ಅಂದೆ. ಕೇಳುತ್ತಾ ಹೋದರೆ ನಿಜವಾದ ಶಕ್ತಿ ಗುಳಿಗೆಯೂ ಇತ್ತು! ರಕ್ತ ಕಡಿಮೆ ಅಂತ ಯಾರೋ ಕೊಟ್ಟ ಕಬ್ಬಿಣದ ಮಾತ್ರೆ, ಎರಡನ್ನೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಟ್ಟಿಗೆ ನುಂಗುತ್ತಿದ್ದಳು. ಹಾಗೆ ಮಾಡಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಸೇರುವುದಿಲ್ಲ. ಎಚ್‌ಐವಿ ಗುಳಿಗೆ ನುಂಗಿ ಎರಡು ತಾಸಾದ ಮೇಲೆ ಕಬ್ಬಿಣದ್ದು, ಇಲ್ಲವೇ ಎರಡನ್ನೂ ಊಟದ ಜೊತೆಗೇ. ಬುತ್ತಿ ಬಿಚ್ಚುವಾಗ ಎರಡೂ ನುಂಗು ಅಂತ ಹೇಳಿ ಕಳಿಸಿದೆ.

ಹಳೆಯ ಔಷಧಿಗಳ ಕಾಲ ನೆನೆದರೆ ಈಗಿನದು ಸುಖವೇ. ಸ್ಟಾವುಡಿನ್ ನುಂಗುತ್ತಿದ್ದವರಿಗೆ ಕೆನ್ನೆ ಇಳಿದು ಹೋಗುತ್ತಿತ್ತು, ಅಂಗಾಲು ಉರಿಯುತ್ತಿತ್ತು. ಗುಟ್ಟು ಕಾಯಬೇಕಾದ ಗುಳಿಗೆಯೇ ಊರಿಗೆಲ್ಲ ಸಾರಿಬಿಡುತ್ತಿತ್ತು. ಎಫಾವಿರೆಂಜ್ ಬಂದ ಮೇಲೆ ತಲೆ ಸುತ್ತು, ಕೆಟ್ಟ ಕನಸು. ಅದನ್ನು ಮಲಗುವಾಗ ನುಂಗಿ ಅಂದರೆ, ರಾತ್ರಿ ಪಾಳಿಯ ವಾಚ್‌ಮನ್ ಏನು ಮಾಡಬೇಕು, ಅಲ್ವಾ?

ಅದಕ್ಕಿಂತ ನನ್ನನ್ನು ಕಾಡಿದ್ದು ಕಾಯಿಸುವ ನಿಯಮ. ಸಿಡಿ4, ಅಂದರೆ ರೋಗದ ಜೊತೆ ಹೋರಾಡುವ ರಕ್ತಕಣಗಳ ಎಣಿಕೆ, ಇಷ್ಟಕ್ಕಿಂತ ಕೆಳಗೆ ಬಂದರೆ ಮಾತ್ರ ಗುಳಿಗೆ ಅಂತಿತ್ತು. "ಆರು ತಿಂಗಳು ಬಿಟ್ಟು ಬಾ" ಅಂದರೆ ಗುಳೆ ಹೋಗುವವನು ಬರುತ್ತಾನಾ? ಬಂದರೆ ಟಿಬಿ ಹೊತ್ತು ಬರುತ್ತಿದ್ದ. 2017ರಿಂದ ಸೋಂಕು ಖಚಿತವಾದರೆ ಸಾಕು, ಸಿಡಿ4 ಎಷ್ಟೇ ಇರಲಿ, ಚಿಕಿತ್ಸೆ ಶುರು. ನನ್ನ ವೃತ್ತಿಯಲ್ಲಿ ಕಂಡ ದೊಡ್ಡ ಬದಲಾವಣೆ ಇದೇ. ತಡೆಗಟ್ಟುವ ಕೆಲಸವೂ ಇದರಲ್ಲೇ ಬಂತು: ತಪ್ಪದೆ ಗುಳಿಗೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಜೋಡಿಗೆ ಅಂಟುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಬಂದಾಗ ಇದನ್ನು ಒಟ್ಟಿಗೇ ಕೂರಿಸಿ ಹೇಳುತ್ತೇನೆ.

ಮುಂಗಾರು ಬಿತ್ತನೆಗೆ ಬಹಳ ಜನ ವಾಪಸ್ ಬರುತ್ತಾರೆ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆ ಬಾಕಿ ಇದ್ದವರ ರಕ್ತವನ್ನು ಆಗಲೇ ತೆಗೆದುಬಿಡುತ್ತೇವೆ. ಬರದವರಿಗೆ ಕೌನ್ಸೆಲರ್ ಅಕ್ಕ ಫೋನ್ ಮಾಡುತ್ತಾಳೆ. ಅತ್ತೆ ಎತ್ತಿದರೆ "ನಿಮ್ಮ ಸೊಸಿ ಜೋಡಿ ಮಾತಾಡೋದಿತ್ರೀ" ಅಷ್ಟೇ. ದವಾಖಾನಿ ಅನ್ನುವುದಿಲ್ಲ, ಗುಳಿಗೆ ಅನ್ನುವುದಿಲ್ಲ. ಸೊಸೆ ಸಿಗದಿದ್ದರೆ ಮರುದಿನ ಮತ್ತೆ ಮಾಡುತ್ತಾಳೆ.